ದೊರೆಗಳು ಹೋದ ಮೇಲೆ ಉಳಿದದ್ದೇನು?

ನಾನು ಬೀದರಿನ ಮೆಥೋಡಿಸ್ಟ್ ಎಂಬ ಪ್ರಾಟೆಸ್ಟೆಂಟ್ ಕ್ರೈಸ್ತ ಸಭೆಯವಳು ಎಂದು ತಿಳಿದ ಕೂಡಲೇ ಬಹಳ ಜನ ಕೇಳುತ್ತಾರೆ: "ನಿಮ್ಮ ಚರ್ಚು ಬ್ರಿಟಿಷರು ಕಟ್ಟಿದ್ದಲ್ಲವೇ? ಆ ದೊರೆಗಳು ಹೋದ ಮೇಲೆ ಉಳಿದದ್ದೇನು?"

ಮೊದಲು ಬ್ರಿಟಿಷರ ವಿಷಯ ಮುಗಿಸುತ್ತೇನೆ. ಬೀದರ್, ಕಲಬುರಗಿ, ಯಾದಗಿರಿ ಮೂರೂ 1948ರವರೆಗೆ ನಿಜಾಮರ ಸೀಮೆ. ಇಲ್ಲಿಗೆ ಬಂದ, ಜನ ದೊರೆಗಳೆಂದು ಕರೆದ ಮೆಥೋಡಿಸ್ಟ್ ಮಿಷನರಿಗಳು ಅಮೆರಿಕದವರು. ಮೈಸೂರು ಸೀಮೆಯ ವೆಸ್ಲಿಯನ್ನರು ಎಂಬ ಮೆಥೋಡಿಸ್ಟರು ಇಂಗ್ಲೆಂಡಿನ ಮೂಲದವರು. ಅವರ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ (ಸಿಎಸ್‌ಐ) ಸೇರಿದವು. ನಮ್ಮದು ಸೇರಲಿಲ್ಲ, 1981ರಲ್ಲಿ ಸ್ವತಂತ್ರ ಭಾರತೀಯ ಸಭೆಯಾಯಿತು.

ಉಳಿದದ್ದೇನು ಎಂದರೆ ಎಲ್ಲರೂ ಕಟ್ಟಡಗಳನ್ನು ತೋರಿಸುತ್ತಾರೆ. ಬೀದರಿನ ಮಂಗಲಪೇಟೆಯ ಚರ್ಚು, ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆ. ಹೋಲ್‌ಸ್ಟನ್ ಅಮೆರಿಕದ ಟೆನೆಸೀ ಕಡೆಯ ಒಂದು ನದಿ; ಅಲ್ಲಿನ ಮೆಥೋಡಿಸ್ಟ್ ಪ್ರಾಂತಕ್ಕೂ ಅದೇ ಹೆಸರು. ಆಸ್ಪತ್ರೆಗಳ ಋಣ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮಿಷನರಿಗಳ ಬಂಗಲೆಗಳ ಮುಂದೆ ಫೋಟೋ ತೆಗೆಸಿಕೊಂಡು "ಪರಂಪರೆ" ಎನ್ನುವವರನ್ನು ಕಂಡರೆ ನನಗೆ ಸ್ವಲ್ಪ ಬೇಸರ.

ಆ ಬಂಗಲೆಗಳಲ್ಲಿದ್ದ ಕುಟುಂಬಗಳ ಕಷ್ಟವೂ ಸಣ್ಣದಲ್ಲ. ಮಿಷನರಿಗಳ ಮಕ್ಕಳು ದೂರದ ಬೆಟ್ಟದ ಶಾಲೆಗಳಲ್ಲಿ, 1901ರಲ್ಲಿ ಆರಂಭವಾದ ಕೊಡೈಕೆನಾಲ್ ಶಾಲೆಯಂಥ ಕಡೆ, ವರ್ಷದ ಬಹುಪಾಲು ಅಪ್ಪ ಅಮ್ಮನಿಂದ ಅಗಲಿ ಓದುತ್ತಿದ್ದರು. ದೊರೆಸಾನಿ ಎಷ್ಟು ದುಡಿದರೂ ವರದಿಯಲ್ಲಿ ಹೆಚ್ಚಾಗಿ ಗಂಡನ ಹೆಸರಿನ ನೆರಳಿನಲ್ಲೇ ಇರುತ್ತಿದ್ದಳು. ಮದುವೆಯಾಗದೆ ಬಂದ ಮಿಸ್ಸಮ್ಮಗಳ ಕಥೆ ಬೇರೆ. ಪರದೆಯೊಳಗಿನ ಹೆಂಗಸರ ಬಳಿಗೆ ಗಂಡು ವೈದ್ಯ ಹೋಗುವಂತಿಲ್ಲ, ಗಂಡು ಮೇಷ್ಟ್ರು ಹೋಗುವಂತಿಲ್ಲ. ಅದಕ್ಕೆಂದೇ ಅಮೆರಿಕದ ಮೆಥೋಡಿಸ್ಟ್ ಹೆಂಗಸರು 1869ರಲ್ಲಿ ಬಾಸ್ಟನ್ನಿನಲ್ಲಿ ತಮ್ಮದೇ ಒಂದು ಸಂಘ ಕಟ್ಟಿದರು. ಅದು ಮೊದಲು ಕಳುಹಿಸಿದ ಇಬ್ಬರಲ್ಲಿ ಕ್ಲಾರಾ ಸ್ವೇನ್ ವೈದ್ಯೆ, ಇಸಬೆಲ್ಲಾ ಥೋಬರ್ನ್ ಶಿಕ್ಷಕಿ. ಅವರು ಕೆಲಸ ಮಾಡಿದ್ದು ಬರೇಲಿ, ಲಖನೌಗಳಲ್ಲಿ. ಅದೇ ಸಂಘದ ಮಿಸ್ಸಮ್ಮಗಳು ಮುಂದೆ ನಮ್ಮ ಕಡೆಗೂ ಬಂದು ಹೆಣ್ಣುಮಕ್ಕಳ ಬೋರ್ಡಿಂಗ್ ನಡೆಸಿದರು.

ಆದರೆ ಊರೂರು ತಿರುಗಿದವರು ಯಾರು? ಬೀದರಿನ ಸಂತೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಬೇಕು. ದೊರೆ ಒಂದನ್ನು ತಕ್ಕಮಟ್ಟಿಗೆ ಕಲಿಯುವ ಹೊತ್ತಿಗೆ ರಜೆಗೆ ಸ್ವದೇಶಕ್ಕೆ ಹೊರಡುವ ಕಾಲ ಬರುತ್ತಿತ್ತು. ಕೇರಿಯ ಬಾಗಿಲಲ್ಲಿ ಕುಳಿತು ಮಾತನಾಡಿದವರು ಇಲ್ಲಿನ ಉಪದೇಶಿಗಳು (ಸಭೆಯ ಸ್ಥಳೀಯ ಬೋಧಕರು) ಮತ್ತು ಬೈಬಲ್ ವುಮೆನ್ ಎಂದು ಕರೆಸಿಕೊಂಡ ನಮ್ಮ ಅಜ್ಜಿಯರು. ತಾವೇ ನಡುವಯಸ್ಸಿನಲ್ಲಿ ಅಕ್ಷರ ಕಲಿತು, ಬಗಲಲ್ಲಿ ಪುಸ್ತಕದ ಚೀಲ ಹಾಕಿಕೊಂಡು, ಸೊಸೆಯಂದಿರಿಗೆ ಓದು ಕಲಿಸಿದ ಹೆಂಗಸರು ಅವರಲ್ಲಿ ಎಷ್ಟೋ ಮಂದಿ. ಹಗಲು ಜೀತಕ್ಕೋ ಕೂಲಿಗೋ ಹೋಗುತ್ತಿದ್ದ ಹುಡುಗರಿಗೆ ಉಪದೇಶಿಯ ಶಾಲೆ ರಾತ್ರಿ ಕಂದೀಲಿನ ಕೆಳಗೆ. ಅಮೃತಶಿಲೆಯ ಫಲಕಗಳಲ್ಲಿ ದಾನಿಗಳ ಹೆಸರಿದೆ, ಇವರದಿಲ್ಲ. ಸಭೆ ಉಳಿದದ್ದು ಇವರಿಂದ ಎಂಬುದು ನನ್ನ ಉತ್ತರ.

"ಮತಾಂತರವಾದವರಿಗೆ ಎಲ್ಲ ಲಾಭ ಸಿಕ್ಕಿತಲ್ಲ" ಎಂದು ಮುಂದುವರಿಸುವವರೂ ಇದ್ದಾರೆ. ಅವರು ಯಾರಿಗೆ ಪರಿಶಿಷ್ಟ ಜಾತಿಯ ಮೀಸಲಾತಿ ಸಿಗುತ್ತದೆ ಎಂದು ಹೇಳುವ 1950ರ ಪರಿಶಿಷ್ಟ ಜಾತಿ ಆದೇಶವನ್ನು ಓದಬೇಕು. ಸಿಖ್ಖರಾದ ದಲಿತರಿಗೆ 1956ರಲ್ಲಿ, ಬೌದ್ಧರಾದವರಿಗೆ 1990ರಲ್ಲಿ ಬಾಗಿಲು ತೆರೆಯಿತು, ಕ್ರೈಸ್ತರಾದವರಿಗೆ ಇಂದಿಗೂ ಇಲ್ಲ. ನಮ್ಮ ಸಭೆಗಳಲ್ಲಿ ಬಹುಪಾಲು ಜನ ದಲಿತ ಮೂಲದವರು. ಊರು ಅವರ ಜಾತಿಯನ್ನು ಮರೆಯಲಿಲ್ಲ, ಕಾಗದ ಮಾತ್ರ ಮರೆಯಿತು.

ಮಿಷನ್ನಿನಿಂದ ಬಂದ ಕೆಟ್ಟ ಅಭ್ಯಾಸವೂ ಒಂದಿದೆ. ಮಿಷನ್ ಕಾಂಪೌಂಡಿನೊಳಗೆ ಬೆಳೆದವರು ಹಳ್ಳಿಯ ಸಭೆಯವರನ್ನು ಸ್ವಲ್ಪ ಕೀಳಾಗಿ ನೋಡುವುದು. ಹಾರ್ಮೋನಿಯಂ, ಡೋಲಕ್, ತಾಳಗಳ ಭಜನೆಯನ್ನು ಉಳಿಸಿಕೊಂಡವರು ಆ ಹಳ್ಳಿಯವರೇ ಎಂಬುದು ಪಟ್ಟಣದ ಪಿಯಾನೋದವರಿಗೆ ತಡವಾಗಿ ಹೊಳೆಯಿತು.

ಬಂದು ನೋಡಬೇಕೆನ್ನುವವರಿಗೆ ನಾನು ಹೇಳುವುದು, ಬಂಗಲೆ ಬಿಡಿ, ಸುಗ್ಗಿ ಹಬ್ಬದ ಭಾನುವಾರ ಯಾವುದಾದರೂ ಹಳ್ಳಿಯ ಸಭೆಗೆ ಬನ್ನಿ. ಆರಾಧನೆ ಮುಗಿದ ಮೇಲೆ ಕಾಣಿಕೆಯಾಗಿ ಬಂದ ಜೋಳ, ತೊಗರಿ, ಕುಂಬಳಕಾಯಿ, ಕೋಳಿಗಳ ಹರಾಜು ನಡೆಯುತ್ತದೆ. ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಂಡು ಬನ್ನಿ. ಹರಾಜು ಕೂಗುವ ಹಿರಿಯರು ಹೊಸ ಮುಖ ಕಂಡರೆ ಕೋಳಿಯನ್ನು ಮಾರದೆ ಬಿಡುವವರಲ್ಲ.