ಬೀದರ್‌ನಿಂದ ರಶ್ತ್‌ಗೆ ಫೋನ್ ಹತ್ತದ ಭಾನುವಾರ

2019ರ ನವೆಂಬರ್ 17, ಭಾನುವಾರ. ನನ್ನ ಇರಾನಿ ಗೆಳೆಯ ಹೈದರಾಬಾದ್‌ನಿಂದ ಬೆಳಗಿನ ಬಸ್ ಹಿಡಿದು ಬೀದರ್‌ಗೆ ಬಂದಿದ್ದ. ಮೈಸೂರಿನಲ್ಲಿ ನಾವಿಬ್ಬರೂ ಒಟ್ಟಿಗೆ ಕಂಪ್ಯೂಟರ್ ಸೈನ್ಸ್ ಓದಿದವರು. ಆಮೇಲೆ ನಾನು ಊರಿಗೆ ವಾಪಸ್ ಬಂದು ಕಾಲೇಜಿನಲ್ಲಿ ಪಾಠ ಮಾಡತೊಡಗಿದೆ, ಅವನು ಪಿಎಚ್‌ಡಿ ಅಂತ ಹೈದರಾಬಾದ್ ಸೇರಿಕೊಂಡ. ಅವನ ಊರು ರಶ್ತ್, ಗೀಲಾನ್ ಪ್ರಾಂತ್ಯದ್ದು. ನಮ್ಮ ಬಹಮನಿ ಮಂತ್ರಿ ಮಹಮೂದ್ ಗವಾನ್ ಬಂದದ್ದೂ ಅದೇ ಗೀಲಾನ್‌ನಿಂದ. ಹಾಗಾಗಿ ಗವಾನ್ ಬೀದರ್‌ನಲ್ಲಿ ಕಟ್ಟಿಸಿದ ಮದರಸಾ ನೋಡಬೇಕು ಅಂತ ಅವನಿಗೆ ಬಹಳ ದಿನದ ಆಸೆ. ಮೊದಲು ಮದರಸಾ, ಆಮೇಲೆ ಕೋಟೆ, ಸಂಜೆ ನೌಬಾದ್‌ನ ಸುರಂಗ ಬಾವಿ ಅಂತ ನಾನು ಪ್ಲಾನ್ ಹಾಕಿಟ್ಟಿದ್ದೆ. ಮದರಸಾ ಬಿಟ್ಟರೆ ಬೇರೇನೂ ಆಗಲಿಲ್ಲ.

ಬಸ್ ಇಳಿದವನೇ ಫೋನ್ ತೋರಿಸಿದ. ಹಿಂದಿನ ರಾತ್ರಿಯಿಂದ ಮನೆಗೆ ಕಳಿಸಿದ ವಾಟ್ಸಾಪ್ ಮೆಸೇಜುಗಳಿಗೆಲ್ಲ ಒಂದೇ ಟಿಕ್.

ಶುಕ್ರವಾರ ಇರಾನ್ ಸರ್ಕಾರ ಪೆಟ್ರೋಲ್ ಬೆಲೆ ಏರಿಸಿತ್ತು. ಲೀಟರಿಗೆ 10,000 ರಿಯಾಲ್ ಇದ್ದದ್ದು 15,000. ತಿಂಗಳಿಗೆ 60 ಲೀಟರ್ ಮೀರಿದರೆ 30,000. ಜನ ಬೀದಿಗೆ ಬಂದರು. ಶನಿವಾರ ಸಂಜೆಯ ಹೊತ್ತಿಗೆ ಇಂಟರ್ನೆಟ್ ಬಂದ್. ಭಾನುವಾರಕ್ಕೆ ದೇಶದ ಸಂಪರ್ಕ ಎಂದಿನ ನೂರರಲ್ಲಿ ನಾಲ್ಕೈದು ಪಾಲಿಗೆ ಇಳಿದಿತ್ತು. ಎಂಟು ಕೋಟಿ ಜನರ ದೇಶ!

ಮದರಸಾಕ್ಕೆ ಹೋದೆವು. 1472ರಲ್ಲಿ ಕಟ್ಟಿದ್ದು. ಮದ್ದು ಸಿಡಿದು ಮುಂಭಾಗ ಹಾಳಾದ ಮೇಲೆ ಉಳಿದದ್ದು ಒಂದೇ ಮಿನಾರ್, ಅದರ ಮೇಲೆ ಬಣ್ಣದ ಹೆಂಚಿನ ಚೂರುಗಳು. ನಮ್ಮ ಕಡೆ ಹುಡುಗರಿಗೆಲ್ಲ ಗೊತ್ತಿರುವ ಕತೆಯನ್ನು ನಾನು ಅವನಿಗೆ ಹೇಳಿದೆ. ಗವಾನ್‌ನ ವೈರಿಗಳು ಅವನ ಮುದ್ರೆ ಇಟ್ಟುಕೊಂಡಿದ್ದವನಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ ಒರಿಸ್ಸಾದ ರಾಜನಿಗೆ ಗವಾನನೇ ಬರೆದಂತೆ ಒಂದು ದ್ರೋಹದ ಪತ್ರ. ಸುಲ್ತಾನ ಮೂರನೇ ಮುಹಮ್ಮದ್ ಶಾ ವಿಚಾರಿಸಲೂ ಇಲ್ಲ. 1481ರಲ್ಲಿ ಮುದುಕನ ತಲೆ ತೆಗೆಸಿದ.

‘ಸ್ಕ್ರೀನ್‌ಶಾಟ್ ನಂಬಿ ತಲೆ ತೆಗೆದ ಹಾಗಾಯ್ತಲ್ಲ’ ಅಂದ ಗೆಳೆಯ. ಅವತ್ತು ಅವನು ನಕ್ಕಿದ್ದು ಅದೊಂದೇ ಸಲ.

ಗವಾನ್ ಪತ್ರ ಬರೆಯುವುದರಲ್ಲಿ ದೊಡ್ಡ ಕೈ. ಒಟ್ಟೊಮನ್ ಸುಲ್ತಾನನಿಗೂ ಬರೆದಿದ್ದಾನೆ, ಗೀಲಾನ್‌ನ ತನ್ನವರಿಗೂ ಬರೆದಿದ್ದಾನೆ. ಬಹಮನಿಗಳ ವಿದೇಶಾಂಗ ನೀತಿ ಅಂದರೆ ಹೆಚ್ಚುಕಮ್ಮಿ ಅವನ ಪತ್ರಗಳೇ. ಹಡಗಿನಲ್ಲಿ ತಿಂಗಳುಗಟ್ಟಲೆ ಹೋಗುತ್ತಿದ್ದವು. ಹೋಗಿ ಮುಟ್ಟುತ್ತಿದ್ದವು ಅನ್ನೋದು ಮುಖ್ಯ.

ನೆಟ್ ಬಂದ್ ಆದರೂ ಲ್ಯಾಂಡ್‌ಲೈನ್ ಇರುತ್ತದೆ ಅಂತ ಅವನಿಗೆ ಯಾರೋ ಹೇಳಿದ್ದರು. ಆದರೆ ನಮ್ಮಿಬ್ಬರ ಸಿಮ್‌ಗೂ ಐಎಸ್‌ಡಿ ಇರಲಿಲ್ಲ. ಅಂಬೇಡ್ಕರ್ ಸರ್ಕಲ್ ಕಡೆ ಒಂದು ರೀಚಾರ್ಜ್ ಅಂಗಡಿಗೆ ಹೋದೆವು.

‘ಸೌದಿ, ದುಬೈ ಹಚ್ಚೋ ಮಂದಿ ಭಾಳ ಬರ್ತಾರ್ರೀ ಸರ್. ಇರಾನ್ ಕೇಳಿದ್ದು ನೀವೇ ಮೊದಲು’ ಅಂದ ಅಂಗಡಿಯವನು. ವಿಷಯ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ‘ಚಳಿಗಾಲಕ್ಕ ಶಾಲು ಮಾರೋರು ಬರ್ತಾರಲ್ಲ, ಕಾಶ್ಮೀರದವ್ರು? ಅವರ್ದೂ ಇದೇ ಕತಿ. ಈಗೀಗ ಮಾತಾಡ್ಲಿಕ್ಕ ಫೋನ್ ಹತ್ತತಾವ, ನೆಟ್ ಇಲ್ಲ. ಮನ್ಯಾಗಿನ ಕೂಸಿನ ಫೋಟೋ ನೋಡಿಲ್ಲ ಅಂತ ಒಬ್ಬಾಂವ ಅಳ್ತಿದ್ದ ಪಾಪ.’

ಆಗಸ್ಟ್ 5ರಿಂದ ಅಲ್ಲಿ ಹಾಗೇ ಇತ್ತು. ಪೋಸ್ಟ್‌ಪೇಯ್ಡ್ ಫೋನುಗಳು ಅಕ್ಟೋಬರ್ 14ಕ್ಕೆ ಶುರುವಾಗಿದ್ದವು. ಪ್ರಿಪೇಯ್ಡ್ ಇಲ್ಲ, ಇಂಟರ್ನೆಟ್ ಇಲ್ಲ. ಗೆಳೆಯನಿಗೆ ಅಂಗಡಿಯವನ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. ‘ನಿಮ್ಮಲ್ಲೂನಾ?’ ಅಂದ. ‘ಹೌದು, ಮೂರು ತಿಂಗಳ ಮೇಲಾಯ್ತು’ ಅಂದೆ. ಅದಕ್ಕೆ ಅವನು ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ನನಗೆ ಹಗುರ ಆಗುತ್ತಿತ್ತು.

ಸಿಮ್‌ಗೆ ಐಎಸ್‌ಡಿ ಚಾಲೂ ಆಗಲು ಹೊತ್ತು ಹಿಡಿಯುತ್ತದೆ ಅಂದರು. ಮನೆಗೆ ಬಂದೆವು. ಅವ್ವ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇಟ್ಟಳು. ‘ಅವರ ಅವ್ವಗ ಎಷ್ಟು ಚಿಂತಿ ಆಗಿರ್ತದೋ. ಉಣ್ಣಪ್ಪ, ಹೊಟ್ಟಿಗೆ ಹಾಕ್ಕೊಂಡು ಚಿಂತಿ ಮಾಡು’ ಅಂದಳು.

ಊಟ ಆದ ಮೇಲೆ ಅವನು ಮಾತಿಗೆ ಶುರು ಮಾಡಿದ. ಬಹುಶಃ ಕಾಯುವ ಹೊತ್ತು ಕಳೆಯಲಿಕ್ಕೆ. ಅಮೆರಿಕದ ವಿದೇಶಾಂಗ ಮಂತ್ರಿ ಮೈಕ್ ಪಾಂಪಿಯೊ ಹಿಂದಿನ ದಿನ ಟ್ವಿಟರ್‌ನಲ್ಲಿ, ಇರಾನಿನ ಜನರ ಜೊತೆ ಅಮೆರಿಕ ಇದೆ ಅಂತ ಬರೆದಿದ್ದರು. ‘ಅದನ್ನು ಇರಾನಿನಲ್ಲಿ ಓದೋರು ಯಾರು? ನೆಟ್ಟೇ ಇಲ್ಲ’ ಅಂದ. ಆಮೇಲೆ ಲ್ಯಾಪ್‌ಟಾಪ್ ತೆಗೆದು ಇನ್ನೊಂದು ತೋರಿಸಿದ. ಪ್ರೋಗ್ರಾಮರ್‌ಗಳು ಕೋಡ್ ಇಡುವ ಒಂದು ಅಮೆರಿಕನ್ ತಾಣದಲ್ಲಿ ಅವನ ಖಾತೆಗೆ ಜುಲೈನಿಂದ ಅರ್ಧ ಬೀಗ. ಕಾರಣ, ಇರಾನ್ ಮೇಲಿನ ಅಮೆರಿಕದ ನಿರ್ಬಂಧ. ಅವನು ಇದ್ದದ್ದು ಹೈದರಾಬಾದ್‌ನಲ್ಲಿ. ಖಾತೆ ತೆರೆದದ್ದು ಮಾತ್ರ ರಶ್ತ್‌ನಲ್ಲಿ.

ನೋಡಿ, ಒಳಗಿನಿಂದ ಅವನ ಸರ್ಕಾರ ತಂತಿ ಕತ್ತರಿಸುತ್ತದೆ, ಹೊರಗಿನಿಂದ ಅಮೆರಿಕದ ಕಾನೂನು ಬಾಗಿಲು ಹಾಕುತ್ತದೆ. ಇಬ್ಬರೂ ಹೇಳುವುದು ನಿಮ್ಮ ಒಳ್ಳೇದಕ್ಕೇ ಅಂತ.

ನಾನು ಕ್ಲಾಸಿನಲ್ಲಿ ಹೇಳುವ ಪಾಠ ನೆನಪಾಯಿತು. 2010ರ ಜನವರಿ 21ಕ್ಕೆ ಅಮೆರಿಕದ ಆಗಿನ ವಿದೇಶಾಂಗ ಮಂತ್ರಿ ಹಿಲರಿ ಕ್ಲಿಂಟನ್ ವಾಷಿಂಗ್ಟನ್‌ನಲ್ಲಿ ಒಂದು ಭಾಷಣ ಮಾಡಿದರು. ಇಂಟರ್ನೆಟ್ ಸ್ವಾತಂತ್ರ್ಯ ಇನ್ನುಮುಂದೆ ಅಮೆರಿಕದ ವಿದೇಶಾಂಗ ನೀತಿಯ ಭಾಗ ಅಂದರು. 2012ರ ಜುಲೈನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ, ಆಫ್‌ಲೈನ್‌ನಲ್ಲಿರುವ ಹಕ್ಕುಗಳೆಲ್ಲ ಆನ್‌ಲೈನ್‌ನಲ್ಲೂ ಇರಬೇಕು ಅಂತ ನಿರ್ಣಯ ಮಾಡಿತು. ಇದನ್ನೆಲ್ಲ ನಾನು ಹುಡುಗರಿಗೆ ಹುರುಪಿನಿಂದ ಹೇಳುತ್ತಿದ್ದೆ. ಗೆಳೆಯನಿಗೆ ಅಷ್ಟು ಹುರುಪಿಲ್ಲ. 2009ರ ಚುನಾವಣೆ ಗಲಾಟೆಯ ಹೊತ್ತಿಗೆ ಅವನು ಇರಾನಿನಲ್ಲೇ ಇದ್ದ. ಟ್ವಿಟರ್ ತನ್ನ ರಿಪೇರಿ ಕೆಲಸ ಸ್ವಲ್ಪ ಮುಂದೂಡಲಿ, ಇರಾನಿನವರು ಬಳಸುತ್ತಿದ್ದಾರೆ ಅಂತ ಅಮೆರಿಕದ ವಿದೇಶಾಂಗ ಇಲಾಖೆ ಕೇಳಿಕೊಂಡಿತ್ತು. ಒಳ್ಳೇದೇ ಅಲ್ವಾ? ‘ಒಳ್ಳೇದೇ. ಆದರೆ ಆವತ್ತಿನಿಂದ ಟ್ವಿಟರ್ ಹಿಡಿದವನೆಲ್ಲ ಅಮೆರಿಕದ ಏಜೆಂಟ್ ಅನ್ನೋದು ನಮ್ಮ ಸರ್ಕಾರಕ್ಕೆ ಸುಲಭ ಆಯ್ತು’ ಅಂದ. ಯುರೋಪಿನ ಮೇಲೂ ಅವನಿಗೆ ಸಿಟ್ಟಿತ್ತು. ಫೋನ್ ಕರೆ ಕದ್ದು ಕೇಳುವ ಸಾಮಾನನ್ನು ಇರಾನಿಗೆ ಮಾರಿದ್ದು ನೋಕಿಯಾ ಸೀಮೆನ್ಸ್ ನೆಟ್‌ವರ್ಕ್ಸ್. ಆ ಕಂಪನಿಯೇ ಒಪ್ಪಿಕೊಂಡ ಮಾತು ಇದು.

ಹಾಗಾದರೆ ಹೊರಗಿನವರು ಏನು ಮಾಡಬೇಕು ಅಂತ ಕೇಳಿದೆ. ಅವನ ಉತ್ತರದಲ್ಲಿ ಭಾಷಣ ಅನ್ನೋದೇ ಇರಲಿಲ್ಲ. ಕದ್ದು ಕೇಳುವ ಸಾಮಾನು ಮಾರೋದು ನಿಲ್ಲಿಸಲಿ. ನಮ್ಮ ಖಾತೆಗೆ ಹಾಕಿದ ಬೀಗ ತೆಗೀಲಿ. ಬ್ಲಾಕ್ ದಾಟುವ ಟೂಲ್‌ಗಳಿಗೆ ದುಡ್ಡು ಕೊಟ್ಟು ಸುಮ್ನೆ ಇರಲಿ, ಜಂಬ ಕೊಚ್ಚಿಕೊಳ್ಳೋದು ಬೇಡ. ನನಗೂ ಈಗ ಅನಿಸುವುದು ಅದೇ. ಇದರಲ್ಲಿ ಫೋಟೋ ತೆಗೆಸಿಕೊಳ್ಳುವ ಕೆಲಸ ಯಾವುದೂ ಇಲ್ಲ. ಲೈಸೆನ್ಸ್ ಕಾಗದದ ಕೊನೆಯಲ್ಲಿ ಬರುವ ಒಂದು ಷರತ್ತು, ರಫ್ತು ಪಟ್ಟಿಯಲ್ಲಿ ಒಂದು ಸಾಲು, ಅಷ್ಟೇ. ಯಾವ ಮಂತ್ರಿಗೂ ಅದರಿಂದ ಚಪ್ಪಾಳೆ ಸಿಗಲ್ಲ. ಜನರಿಗೆ ಉಪಯೋಗಕ್ಕೆ ಬರುವುದು ಮಾತ್ರ ಅದೇ.

ಸಂಜೆ ಫೋನ್ ಹತ್ತಿತು. ಅವನ ಅಪ್ಪ ಎತ್ತಿದರು. ಫಾರ್ಸಿ ನನಗೆ ಬರಲ್ಲ, ಆದರೆ ಮನೆಯವರು ಕ್ಷೇಮ ಅನ್ನೋದು ಅವನ ಧ್ವನಿಯಲ್ಲೇ ಗೊತ್ತಾಯ್ತು. ಇಟ್ಟ ಮೇಲೆ ಒಂದು ವಿಚಿತ್ರ ಹೇಳಿದ. ಊರಿನಲ್ಲಿ ಬ್ಯಾಂಕಿನ ಆಪ್ ನಡೆಯುತ್ತಿದೆ, ದೇಶದೊಳಗಿನ ವೆಬ್‌ಸೈಟುಗಳು ತೆರೆಯುತ್ತಿವೆ. ಹೊರಗಿನದು ಮಾತ್ರ ಸತ್ತಿದೆ. ಇರಾನ್ ವರ್ಷಗಟ್ಟಲೆ ಖರ್ಚು ಮಾಡಿ ತನ್ನದೇ ಒಳಜಾಲ ಕಟ್ಟಿಕೊಂಡಿದ್ದು ಇದಕ್ಕೇ. 2011ರಲ್ಲಿ ಈಜಿಪ್ಟ್ ಐದು ದಿನ ನೆಟ್ ಕಡಿದಾಗ ಅದರ ವ್ಯಾಪಾರಕ್ಕೂ ಪೆಟ್ಟು ಬಿದ್ದಿತ್ತು. ಒಳಜಾಲ ಇದ್ದರೆ ಆ ಪೆಟ್ಟು ಕಡಿಮೆ. ಜನರ ಬಾಯಿ ಮಾತ್ರ ಮುಚ್ಚಬಹುದು. ಆ ದಿನಗಳಲ್ಲಿ ಸತ್ತವರು 300ಕ್ಕೂ ಜಾಸ್ತಿ ಅಂತ ಮಾನವ ಹಕ್ಕು ಸಂಸ್ಥೆ ಅಮ್ನೆಸ್ಟಿ ಆಮೇಲೆ ಲೆಕ್ಕ ಕೊಟ್ಟಿತು. ಜಗತ್ತಿಗೆ ಹೆಚ್ಚಿನ ವಿಡಿಯೊಗಳು ಸಿಕ್ಕಿದ್ದು ನೆಟ್ ವಾಪಸ್ ಬಂದ ಮೇಲೆ.

ನವೆಂಬರ್ 22ಕ್ಕೆ ಅಮೆರಿಕ ಇರಾನಿನ ಸಂಪರ್ಕ ಮಂತ್ರಿಯ ಮೇಲೆ ನಿರ್ಬಂಧ ಹಾಕಿತು. ಗೆಳೆಯ ಹೈದರಾಬಾದ್‌ನಿಂದ ಮೆಸೇಜ್ ಹಾಕಿದ: ‘ಮಂತ್ರಿಗೂ ಬೀಗ, ನನಗೂ ಬೀಗ. ನಾವಿಬ್ಬರೂ ಸಮಾನರು.’

ನಮ್ಮ ಕಡೆಯ ಮಾತೂ ಹೇಳಬೇಕು. 2020ರ ಜನವರಿ 10ಕ್ಕೆ, ಕಾಶ್ಮೀರದ ಬಂದ್ ಪ್ರಶ್ನಿಸಿದ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಟರ್ನೆಟ್ ಮೂಲಕ ಮಾತಾಡುವುದಕ್ಕೂ ಸಂವಿಧಾನದ 19ನೇ ವಿಧಿಯ ರಕ್ಷಣೆ ಇದೆ ಅಂದಿತು. ಕೊನೆ ದಿನ ಇಲ್ಲದ ಬಂದ್ ಕೂಡದು, ಆದೇಶ ಪ್ರಕಟಿಸಬೇಕು ಅಂತಲೂ ಹೇಳಿತು. ಕಾಶ್ಮೀರಕ್ಕೆ 4ಜಿ ಬಂದದ್ದು 2021ರ ಫೆಬ್ರವರಿಯಲ್ಲಿ. ಅದೇ ವರ್ಷ ಜೂನ್‌ನಲ್ಲಿ ಜಿ7 ಸಭೆಗೆ ಅತಿಥಿಯಾಗಿದ್ದ ಭಾರತ ಒಂದು ಹೇಳಿಕೆಗೆ ಸಹಿ ಹಾಕಿತು. ರಾಜಕೀಯ ಕಾರಣಕ್ಕೆ ಇಂಟರ್ನೆಟ್ ಬಂದ್ ಮಾಡುವುದು ಪ್ರಜಾಪ್ರಭುತ್ವಕ್ಕೆ ಅಪಾಯ ಅಂತ ಅದರಲ್ಲಿತ್ತು. ಆ ವರ್ಷ ಆಕ್ಸೆಸ್ ನೌ ಸಂಸ್ಥೆ ನಮ್ಮ ದೇಶದಲ್ಲಿ ಎಣಿಸಿದ ಬಂದ್‌ಗಳು 106, ಜಗತ್ತಿನಲ್ಲೇ ಹೆಚ್ಚು. ಹೊರಗೆ ಆಡಿದ ಮಾತಿಗೆ ತೂಕ ಬರೋದು ಎಲ್ಲಿಂದ ಹೇಳಿ?

ಆ ಕೋಡ್ ತಾಣ ಅಮೆರಿಕದ ಖಜಾನೆ ಇಲಾಖೆಯಿಂದ ಲೈಸೆನ್ಸ್ ತಂದು 2021ರಲ್ಲಿ ಇರಾನಿನವರಿಗೆ ಮತ್ತೆ ತೆರೆಯಿತು. ಯಾರ ಭಾಷಣವೂ ಇಲ್ಲದೆ ಗೆಳೆಯನ ಖಾತೆಯ ಬೀಗ ಬಿಚ್ಚಿಕೊಂಡಿತು.

2022ರ ಸೆಪ್ಟೆಂಬರ್‌ನಲ್ಲಿ, ಹಿಜಾಬ್ ವಿಷಯಕ್ಕೆ ಹಿಡಿದಿದ್ದ ಯುವತಿ ಮಹ್ಸಾ ಅಮೀನಿ ಪೊಲೀಸ್ ವಶದಲ್ಲಿ ಸತ್ತ ಮೇಲೆ ಇರಾನ್ ಮತ್ತೆ ಎದ್ದಿತು. ಈ ಸಲ ವಾಟ್ಸಾಪ್, ಇನ್‌ಸ್ಟಾಗ್ರಾಂ ಬ್ಲಾಕ್. ಕೆಲವೇ ದಿನಗಳಲ್ಲಿ ಅಮೆರಿಕ ತನ್ನ ಲೈಸೆನ್ಸ್ ನಿಯಮ ಸಡಿಲಿಸಿ, ಕ್ಲೌಡ್, ವಿಡಿಯೊ ಕಾಲ್‌ನಂಥ ಸೇವೆ ಇರಾನಿನವರಿಗೆ ಕೊಡಬಹುದು ಅಂದಿತು. ಗೆಳೆಯ ಆಗ ಜರ್ಮನಿಯಲ್ಲಿದ್ದ. ಫೋನ್ ಮಾಡಿ, ನಿನ್ನ ಬ್ರೌಸರ್‌ಗೆ ಸ್ನೋಫ್ಲೇಕ್ ಹಾಕ್ಕೋ ಅಂದ.

ಸ್ನೋಫ್ಲೇಕ್ ಅಂದರೆ, ಯಾರು ಎಲ್ಲಿಂದ ನೋಡುತ್ತಿದ್ದಾರೆ ಅನ್ನೋದನ್ನ ಮರೆಮಾಚುವ ಟಾರ್ ಜಾಲದ ಒಂದು ಚಿಕ್ಕ ಎಕ್ಸ್‌ಟೆನ್ಷನ್. ಬ್ಲಾಕ್ ಇರುವ ದೇಶದವರು ನಮ್ಮ ಬ್ರೌಸರ್ ಮೂಲಕ ಟಾರ್‌ಗೆ ಹೋಗಬಹುದು. ನಡುವೆ ನೋಡುವವರಿಗೆ ಅದು ಯಾವುದೋ ವಿಡಿಯೊ ಕಾಲ್ ಥರ ಕಾಣುತ್ತದೆ. ಟಾರ್‌ನ ಮೂಲ ತಂತ್ರ ಹುಟ್ಟಿದ್ದು ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ, ಆಗಲೂ ಅದರ ದುಡ್ಡಿನ ದೊಡ್ಡ ಪಾಲು ಅಮೆರಿಕ ಸರ್ಕಾರದ್ದೇ ಆಗಿತ್ತು. ಅದನ್ನು ನೆನಪಿಸಿದೆ. ‘ಗೊತ್ತು. ದುಡ್ಡು ಕೊಟ್ಟು ಸುಮ್ನೆ ಇದಾರಲ್ಲ, ನಾನು ಕೇಳಿದ್ದೂ ಅದನ್ನೇ’ ಅಂದ.

ಮನೆಯ ಕಂಪ್ಯೂಟರಿಗೆ ಹಾಕಿದೆ. ಎಷ್ಟು ಜನ ನಮ್ಮ ಮೂಲಕ ಹೋದರು ಅಂತ ಅದು ಸಂಖ್ಯೆ ಮಾತ್ರ ತೋರಿಸುತ್ತದೆ, ಯಾರು ಅಂತ ಹೇಳಲ್ಲ. ‘ನಮ್ಮ ನೆಟ್ ಖರ್ಚಾಗಂಗಿಲ್ಲೇನು?’ ಅಂತ ಅವ್ವ ಕೇಳಿದಳು. ಆಗ್ತದ, ಆದರೆ ಸ್ವಲ್ಪ ಅಂದೆ. ಕರೆಂಟ್ ಹೋದಾಗ ಮಾತ್ರ ಬೇಜಾರು.

ಕ್ಲಾಸಿನಲ್ಲಿ ಹೇಳಿದೆ, ಕೆಲವು ಹುಡುಗರು ತಾವೂ ಹಾಕಿಕೊಂಡರು. ಅವರಲ್ಲೊಬ್ಬ ಕೇಳಿದ, ‘ಸರ್, ನಾಳೆ ನಮ್ಮಲ್ಲೇ ನೆಟ್ ಬಂದ್ ಆದ್ರ ಇದು ಕೆಲಸ ಮಾಡ್ತದೇನ್ರೀ?’

ಇಲ್ಲ ಅಂದೆ. ಬ್ಲಾಕ್ ಮಾಡಿದರೆ ದಾಟಬಹುದು. ಪೂರ್ತಿ ಬಂದ್ ಮಾಡಿದರೆ ಎಕ್ಸ್‌ಟೆನ್ಷನ್ ಏನು ಮಾಡೀತು, ಆಗ ಆ ಆದೇಶದ ಕಾಪಿ ಎಲ್ಲಿದೆ ಅಂತ ಕೇಳಬೇಕು. ಮುಂದಿನ ಪಿರಿಯಡ್‌ನಲ್ಲಿ ಸುಪ್ರೀಂ ಕೋರ್ಟಿನ ಆ ತೀರ್ಪಿನ ಪುಟಗಳನ್ನು ಜೆರಾಕ್ಸ್ ಮಾಡಿಸಿ ಹಂಚಿದೆ.