ಮಿಕ್ಕಿದ ತುಂಡಲ್ವಾ

"ಮಿಕ್ಕಿದ ತುಂಡಲ್ಲಿ ಮಾಡಿದ್ದಲ್ವಾ, ಇದಕ್ಕೂ ಸಾವಿರದೈನೂರಾ?"

ಈ ಮಾತು ಬಂದದ್ದು ಭಾನುವಾರ ಸಂಜೆ, ಪಕ್ಕದ ಬ್ಲಾಕಿನ ಸಾರ್ ಬಾಯಿಂದ. ಹೇಳಿದ್ದು ನನಗಲ್ಲ, ಅವರ ಮನೆಯ ವಾರ್ಡ್‌ರೋಬ್ ಕೆಲಸ ಹಿಡಿದಿರುವ ಆಚಾರ್ರಿಗೆ. ವಿಷಯ, ಸಾರ್ ಮಗಳ ಟೆಲಿಸ್ಕೋಪಿಗೆ ಆಚಾರ್ರು ಮಿಕ್ಕಿದ ಪ್ಲೈವುಡ್ಡಿನಲ್ಲಿ ಮಾಡಿಕೊಟ್ಟ ಸ್ಟ್ಯಾಂಡು. ಆಚಾರ್ರು ತಿರುಗಿ ಏನೂ ಅನ್ನಲಿಲ್ಲ. ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೊಟ್ಟು ಗುಡಿಸತೊಡಗಿದರು. ಇಂಥ ಮಾತು ದಿನಾ ಕೇಳಿ ಅವರಿಗೆ ಅಭ್ಯಾಸ ಆಗಿರಬೇಕು. ನನಗೆ ಮಾತ್ರ ವಾರಪೂರ್ತಿ ತಲೆಯಲ್ಲಿ ಅದೇ. ಹಲ್ಲುಜ್ಜುವಾಗಲೂ ಸಾವಿರದೈನೂರಾ, ಸಿಗ್ನಲ್ಲಿನಲ್ಲಿ ನಿಂತಾಗಲೂ ಸಾವಿರದೈನೂರಾ.

ಸಾರ್ ಕೆಟ್ಟವರೇನಲ್ಲ. ನಮ್ಮ ಅಸೋಸಿಯೇಶನ್ನಿನಲ್ಲಿ ಟ್ಯಾಂಕರ್ ನೀರಿನ ಬಿಲ್ಲನ್ನು ಕೂತು ಪೂರ್ತಿ ಓದುವವರು ಅವರೊಬ್ಬರೇ. ಅದಕ್ಕೆ ನಾವೆಲ್ಲ ಅವರಿಗೆ ಋಣಿಗಳೇ. ಲೆಕ್ಕ ಅಂದರೆ ಅವರಿಗೆ ಜೀವ. ಯಾವುದನ್ನು ಲೆಕ್ಕ ಹಾಕ್ತಾರೆ ಅನ್ನೋದರಲ್ಲಿ ಮಾತ್ರ ನನ್ನ ತಕರಾರು.

ಏಳನೇ ಕ್ಲಾಸಿನ ಮಗಳು ಹುಟ್ಟುಹಬ್ಬಕ್ಕೆ ಟೆಲಿಸ್ಕೋಪ್ ಕೇಳಿದಳಂತೆ. ಇವರು ಆನ್‌ಲೈನಿನಲ್ಲಿ ಹುಡುಕಿ, ಹತ್ತು ಸಾವಿರದ ಮೇಲೆ ಕೊಟ್ಟು ಒಂದನ್ನು ತರಿಸಿದರು. ಡಬ್ಬದ ಮೇಲೆ ಶನಿಗ್ರಹದ ಭರ್ಜರಿ ಫೋಟೋ. ಅದನ್ನು ತೆಗೆದದ್ದು ಯಾವುದೋ ಬಾಹ್ಯಾಕಾಶ ನೌಕೆ, ಈ ಟೆಲಿಸ್ಕೋಪ್ ಅಂತೂ ಅಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ 525 ಎಕ್ಸ್, ಅಂದರೆ 525 ಪಟ್ಟು ದೊಡ್ಡದಾಗಿ ತೋರಿಸುತ್ತೆ ಅಂತ. "350 ಎಕ್ಸಿಂದೂ ಇತ್ತು, ಕಮ್ಮಿ ರೇಟಿಗೆ. ಕೊಡೋದು ಕೊಡ್ತೀವಿ, ಜಾಸ್ತಿದೇ ಇರಲಿ ಅಂತ ಇದನ್ನೇ ತಗೊಂಡೆ" ಅಂದರು. ನಾನು ಏನನ್ನಲಿ? ಡಬ್ಬ ಆಗಲೇ ಒಡೆದಿತ್ತು. ಹುಡುಗಿಯ ಮುಖ ಅರಳಿತ್ತು.

525 ಸುಳ್ಳು ಲೆಕ್ಕ ಅಲ್ಲ, ಅದೇ ತಮಾಷೆ. ಒಳಗಿನ ಕನ್ನಡಿ 76 ಮಿಲಿಮೀಟರ್ ಅಗಲ, ಅದರ ಫೋಕಲ್ ಲೆಂತ್, ಅಂದರೆ ಕನ್ನಡಿಯಿಂದ ಬೆಳಕು ಒಟ್ಟುಗೂಡುವ ಜಾಗಕ್ಕಿರುವ ದೂರ, 700. ಕಣ್ಣಿಡುವ ಕಡೆಯ ಲೆನ್ಸಿಗೆ ಐಪೀಸ್ ಅಂತಾರೆ. ಜೊತೆಗೆ ಕೊಟ್ಟಿರುವ 4 ಮಿಲಿಮೀಟರ್ ಐಪೀಸಿನಿಂದ 700ನ್ನು ಭಾಗಿಸಿದರೆ 175. ಮೂರು ಪಟ್ಟು ಹಿಗ್ಗಿಸುವ ಬಾರ್ಲೋ ಲೆನ್ಸ್ ಒಂದನ್ನು ಮಧ್ಯೆ ತುರುಕಿದರೆ 525. ಆದರೆ ವಿವರ ಬರಬೇಕಾದ್ದು ಕನ್ನಡಿಯ ಅಗಲದಿಂದ. ಒಂದು ಮಿಲಿಮೀಟರಿಗೆ ಎರಡು ಎಕ್ಸ್, ಅದಕ್ಕಿಂತ ಆಸೆ ಬೇಡ ಅನ್ನೋದು ಹವ್ಯಾಸಿಗಳ ಹಳೇ ಲೆಕ್ಕ. ಅಂದರೆ ಇದಕ್ಕೆ 150 ಆದರೆ ಹೆಚ್ಚು, ಅದೂ ಗಾಳಿ ಅಲುಗದ ರಾತ್ರಿ. ಆಮೇಲೆ ದೊಡ್ಡದಾಗೋದು ಮಸುಕು ಮಾತ್ರ. 1610ರ ಜನವರಿಯಲ್ಲಿ ಗೆಲಿಲಿಯೋ ಗುರುವಿನ ನಾಲ್ಕು ಚಂದ್ರರನ್ನು ಕಂಡದ್ದು 20 ಎಕ್ಸಿನ ಆಸುಪಾಸಿನ ಕೊಳವೆಯಲ್ಲಿ. ಇದನ್ನು ಸಾರ್‌ಗೆ ಹೇಳಿದೆ. "ಆಗಿನ ಕಾಲಕ್ಕೆ ಅಷ್ಟೇ ಇತ್ತು ಬಿಡಿ" ಅಂದರು.

ಆ ಭಾನುವಾರಕ್ಕೂ ಹಿಂದಿನ ವಾರದ ಶನಿವಾರ ರಾತ್ರಿ ಟೆರೇಸಿಗೆ ಹತ್ತಿದೆವು. ಅದು ಜನವರಿ, ಗುರು ಮಿಥುನ ರಾಶಿಯಲ್ಲಿತ್ತು. ಕತ್ತಲಾಗುತ್ತಿದ್ದ ಹಾಗೆ ಪೂರ್ವದಲ್ಲಿ ಎದ್ದಿರುತ್ತಿತ್ತು, ಹುಡುಕೋದೇ ಬೇಡ. ಹುಡುಗಿ ಕಣ್ಣಿಟ್ಟಳು. "ಆಕಾಶ ಅಲ್ಲಾಡ್ತಿದೆ ಅಂಕಲ್." ನಾನೂ ನೋಡಿದೆ. ಗುರು ಒಂದು ಬಿಳಿ ಗೀಟಾಗಿ ಆ ಕಡೆ ಈ ಕಡೆ ಹಾರುತ್ತಿತ್ತು. ಫೋಕಸ್ ತಿರುಪನ್ನು ಮುಟ್ಟಿದರೆ ಸಾಕು, ಮತ್ತೆ ಶುರು. ಟೆಲಿಸ್ಕೋಪು ಆ ತೆಳ್ಳನೆ ಅಲ್ಯೂಮಿನಿಯಂ ಕಾಲುಗಳ ಮೇಲೆ ಆಗ ತಾನೇ ಹುಟ್ಟಿದ ಕರು ಎದ್ದು ನಿಂತ ಹಾಗೆ ನಿಂತಿತ್ತು. ಎಷ್ಟು ಎಕ್ಸ್ ಹಾಕುತ್ತೀರೋ ಅಷ್ಟು ಪಟ್ಟು ನಡುಕವೂ ದೊಡ್ಡದಾಗುತ್ತದೆ. ಇದನ್ನು ಯಾವ ಡಬ್ಬದ ಮೇಲೂ ಬರೆಯಲ್ಲ.

ಟೆಲಿಸ್ಕೋಪ್ ಕೊಳ್ಳುವಾಗ ಮಾಡಬೇಕಾದ ಪರೀಕ್ಷೆ ಒಂದಿದೆ. ಏನಾದರೂ ಕಾಣುವಾಗ ಕೊಳವೆಗೆ ಬೆರಳಲ್ಲಿ ಮೆಲ್ಲಗೆ ಒಂದು ತಟ್ಟು ತಟ್ಟಿ ಎಣಿಸಬೇಕು. ಒಂದೆರಡು ಸೆಕೆಂಡಿನಲ್ಲಿ ನಡುಕ ನಿಂತರೆ ಮೌಂಟ್, ಅಂದರೆ ಕೊಳವೆಯನ್ನು ಹೊತ್ತು ತಿರುಗಿಸುವ ಸ್ಟ್ಯಾಂಡ್, ಒಳ್ಳೆಯದು. ಐದಾರು ಎಣಿಸಿದರೂ ನಿಲ್ಲದಿದ್ದರೆ ಆ ಕನ್ನಡಿ ಎಷ್ಟು ಚೆನ್ನಾಗಿದ್ದರೂ ದಂಡ. ಇದು ಎಣಿಸುತ್ತಲೇ ಇರಬೇಕಾದ ಜಾತಿ. ಇಂಥದಕ್ಕೂ ಸ್ವಲ್ಪ ಮದ್ದಿದೆ. ಕಾಲುಗಳನ್ನು ಪೂರ್ತಿ ಎಳೆಯಬಾರದು. ಗಿಡ್ಡ ಮಾಡಿ, ಕೂತು ನೋಡಬೇಕು. ಮಧ್ಯದ ತಟ್ಟೆಗೆ ನೀರು ತುಂಬಿದ ಕ್ಯಾನೋ ಮರಳಿನ ಚೀಲವೋ ನೇತು ಹಾಕಬೇಕು. ಅದನ್ನೆಲ್ಲ ಮಾಡಿದೆವು. ನಡುಕ ಅರ್ಧ ಇಳಿಯಿತು, ಅಷ್ಟೇ.

ಸಾಲದ್ದಕ್ಕೆ ಅದರದು ಈಕ್ವಟೋರಿಯಲ್ ಮೌಂಟ್. ತತ್ವ ಚೆನ್ನಾಗಿದೆ. ಮೌಂಟಿನ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮನಾಗಿ ಹಿಡಿದರೆ, ಒಂದೇ ತಿರುಪನ್ನು ನಿಧಾನಕ್ಕೆ ತಿರುಗಿಸುತ್ತಾ ಗ್ರಹವನ್ನು ಹಿಂಬಾಲಿಸಬಹುದು. ಅದಕ್ಕೆ ಅಕ್ಷ ಧ್ರುವ ನಕ್ಷತ್ರದ ಕಡೆ ಮುಖ ಮಾಡಿರಬೇಕು. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಹಾಗಾಗಿ ಇಲ್ಲಿ ಧ್ರುವ ನಕ್ಷತ್ರವೂ ದಿಗಂತದಿಂದ 13 ಡಿಗ್ರಿ ಮೇಲೆ ಮಾತ್ರ. ನಮ್ಮ ಟೆರೇಸಿನಿಂದ ಆ ಜಾಗದಲ್ಲಿ ಎದುರು ಬಿಲ್ಡಿಂಗಿನ ನೀರಿನ ಟ್ಯಾಂಕ್ ಇದೆ. ಈ ಸಣ್ಣ ಮೌಂಟುಗಳನ್ನು ಯುರೋಪು, ಅಮೆರಿಕದವರ 40, 50 ಡಿಗ್ರಿಯನ್ನು ಮನಸ್ಸಲ್ಲಿಟ್ಟು ಮಾಡಿರುತ್ತಾರೆ. ನಮ್ಮ 13ಕ್ಕೆ ಬಗ್ಗಿಸಿದರೆ, ಕೊಳವೆಯ ಭಾರ ಸರಿದೂಗಿಸಲು ಇಟ್ಟ ತೂಕದ ಕಂಬಿ ಹೋಗಿ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಹನ್ನೆರಡು ವರ್ಷದ ಹುಡುಗಿ ಇದನ್ನೆಲ್ಲ ಯಾಕೆ ಅನುಭವಿಸಬೇಕು, ಹೇಳಿ.

ಆಚಾರ್ರು ಅಲ್ಲೇ ಇದ್ದರು. ಧೂಳು, ಸದ್ದು ಬೇಡ ಅಂತ ಪ್ಲೈವುಡ್ ಕೊಯ್ಯೋದಕ್ಕೆ ಅವರಿಗೆ ಟೆರೇಸಿನ ಮೂಲೆ ಕೊಟ್ಟಿದ್ದಾರೆ. ಸಾಮಾನು ಮುಚ್ಚಿಟ್ಟು ಹೊರಟವರು ನಮ್ಮ ಪಾಡು ನೋಡಿ ಹತ್ತಿರ ಬಂದರು. ಕೊಳವೆಯ ಕಡೆ ನೋಡಲೇ ಇಲ್ಲ. ಬಗ್ಗಿ, ಕಾಲಿನ ಕೀಲನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. "ಇದರ ಕಾಲಿಗೆ ದುಡ್ಡು ಹಾಕಿಲ್ಲ ಸಾರ್" ಅಂದರು.

ಟೆಲಿಸ್ಕೋಪ್ ಕೊಳ್ಳಬೇಕು ಅಂತ ಕೇಳಿಕೊಂಡು ಬಂದವರಿಗೆಲ್ಲ ನಾನು ಅರ್ಧ ಗಂಟೆ ಕೊರೆಯುವುದು ಇದನ್ನೇ. ಬಜೆಟ್ಟಿನ ಅರ್ಧ ಮೌಂಟಿಗೆ ಹೋದರೂ ಕೊರಗಬೇಡಿ ಅಂತ. ಅವರು ಮರುದಿನ ಇನ್ನೊಂದು ಲಿಂಕ್ ಕಳಿಸಿ, ಇದರಲ್ಲಿ ಎಷ್ಟು ದೂರ ಕಾಣತ್ತೆ ಅಂತ ಕೇಳುತ್ತಾರೆ. ದೂರದ್ದೇ ಆದರೆ ಬರಿಗಣ್ಣಿಗೇ 25 ಲಕ್ಷ ಜ್ಯೋತಿರ್ವರ್ಷ ಆಚೆಯ ಆಂಡ್ರೊಮಿಡಾ ಗೆಲಾಕ್ಸಿ ಕಾಣುತ್ತೆ, ಊರಾಚೆ ಹೋದರೆ. ಇರಲಿ.

ಹೊಸ ಸ್ಟ್ಯಾಂಡ್ ಮಾಡೋಣ ಅಂದವಳು ಹುಡುಗಿ. ನನ್ನ ಡಾಬ್ಸೋನಿಯನ್ ಟೆಲಿಸ್ಕೋಪನ್ನು ಅವಳು ನೋಡಿದ್ದಾಳೆ. ಅದರ ಮೌಂಟ್ ಸುಮ್ನೆ ಒಂದು ಮರದ ಪೆಟ್ಟಿಗೆ. ಕೆಳಗೆ ದುಂಡನೆ ಹಲಗೆ, ಅದರ ಮೇಲೆ ಎಡಕ್ಕೆ ಬಲಕ್ಕೆ ತಿರುಗುವ ಪೆಟ್ಟಿಗೆ. ಪೆಟ್ಟಿಗೆಯ ಎರಡು ಪಕ್ಕದ ಕಚ್ಚುಗಳಲ್ಲಿ ಕೂತು ಕೊಳವೆ ಮೇಲೆ ಕೆಳಗೆ ಆಡುತ್ತದೆ. ಗಿಯರ್ ಇಲ್ಲ, ಮೋಟರ್ ಇಲ್ಲ. ಕಾಗದದ ಮೇಲೆ ಗೀಚಿ ತೋರಿಸಿದೆ. ಆಚಾರ್ರು ಸ್ವಲ್ಪ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದರು. "ಜಾರಬೇಕಾ ಸಾರ್, ಹಿಡೀಬೇಕಾ?"

"ಎರಡೂ ಬೇಕು ಆಚಾರ್ರೇ. ಬೆರಳಲ್ಲಿ ತಳ್ಳಿದರೆ ಹೋಗಬೇಕು, ಬಿಟ್ಟರೆ ಅಲ್ಲೇ ನಿಲ್ಲಬೇಕು."

"ಹಂಗಾದ್ರೆ ಹೊಳಪಿನ ಮೈಕಾ ಬೇಡ. ತರಿತರಿ ಇರೋದು ಹಾಕೋಣ. ಹೊಳಪಿಂದು ಮೊದ್ಲು ಕಚ್ಚಿಕೊಳ್ಳತ್ತೆ, ಆಮೇಲೆ ಒಂದೇ ಸಲ ಜಾರತ್ತೆ."

ನಾನು ಸುಮ್ಮನಾದೆ. ಡಾಬ್ಸೋನಿಯನ್ ಕಟ್ಟುವವರು ಬೇರೆ ದೇಶಗಳಲ್ಲಿ ಹುಡುಕಿಕೊಂಡು ಹೋಗುವುದೇ ಇಂಥ ತರಿತರಿ ಲ್ಯಾಮಿನೇಟನ್ನು, ಇದೇ ಕಾರಣಕ್ಕೆ. ಟೆಫ್ಲಾನ್ ತುಂಡುಗಳ ಮೇಲೆ ಅದು ಹದವಾಗಿ ಜಾರುತ್ತದೆ. ಇವರಿಗೆ ಆ ಟೆಲಿಸ್ಕೋಪಿಗೆ ಹೆಸರು ಕೊಟ್ಟ ಡಾಬ್ಸನ್ ಯಾರು ಅಂತ ಗೊತ್ತಿಲ್ಲ. ಡ್ರಾಯರ್ ಎಳೆದು ಎಳೆದು ಗೊತ್ತಾಗಿದೆ.

ಎಸ್‌ಜೆಪಿ ರೋಡಿನಿಂದ ಟೆಫ್ಲಾನ್ ಅವರೇ ತಂದರು. ಉಳಿದದ್ದು ವಾರ್ಡ್‌ರೋಬಿನ ಪ್ಲೈ ತುಂಡು. ಸಂಜೆ ಹೊತ್ತು ಕೂತು ದುಂಡಗೆ ಕೊಯ್ದರು, ಅಂಚನ್ನು ಉಜ್ಜಿದರು. ಕೊಳವೆಯನ್ನು ಹಿಂದೆ ಮುಂದೆ ಸರಿಸಿ ತೂಕ ಸಮ ಆಗುವ ಜಾಗವನ್ನು ಹುಡುಗಿ ಹುಡುಕಿದಳು. ಭಾನುವಾರ ಕತ್ತಲಾದ ಮೇಲೆ ನನ್ನ 10 ಮಿಲಿಮೀಟರ್ ಐಪೀಸ್ ಹಾಕಿದೆವು. ಬರೀ 70 ಎಕ್ಸ್. ತಟ್ಟಿದೆ. ಎರಡು ಎಣಿಸುವಷ್ಟರಲ್ಲಿ ನಿಂತಿತು. ಗುರುವಿನ ಎರಡು ಕಂದು ಪಟ್ಟಿ, ಪಕ್ಕದಲ್ಲಿ ಚಂದ್ರರು. ಅದೇ ಕನ್ನಡಿ ಸ್ವಾಮಿ! ಅದರಲ್ಲಿ ಒಂದು ಕೂದಲೂ ಬದಲಾಗಿಲ್ಲ.

ಮೋಟರ್ ಇಲ್ಲದ ಕಾರಣ ಗುರು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಮೂರು ನಿಮಿಷದೊಳಗೆ ದಾಟಿ ಹೋಗುತ್ತದೆ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದಲ್ಲ. ಹುಡುಗಿ ಬೇಗ ಕಲಿತಳು. ಹೋಗುವ ದಾರಿಯಲ್ಲಿ ಸ್ವಲ್ಪ ಮುಂದೆ ತಳ್ಳಿ ಇಟ್ಟು, ಅದು ಬರುವುದನ್ನು ಕಾಯುತ್ತಿದ್ದಳು. ಆಚಾರ್ರೂ ನೋಡಿದರು, ತುಂಬಾ ಹೊತ್ತು. ಆಮೇಲೆ ಸಾರ್ ಎಷ್ಟಾಯ್ತು ಅಂದರು. ಆಚಾರ್ರು ಸಾವಿರದೈನೂರು ಅಂದರು. ಆಗಲೇ ಆ ಮಾತು ಬಂದದ್ದು. ಕೊನೆಗೆ ಸಾವಿರಕ್ಕೆ ಇಳಿಸಿದರು.

ನನಗೆ ಅರ್ಥವಾಗದ್ದು ಇದು. ಡಬ್ಬದ ಮೇಲಿನ 525ಕ್ಕೆ ಅವರು ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ. ಅದು ಯಾವ ಕೆಲಸಕ್ಕೂ ಬರಲಿಲ್ಲ. ಕೆಲಸಕ್ಕೆ ಬಂದದ್ದು ಕಾಲು. ಚೌಕಾಸಿ ಅದಕ್ಕೆ. ಮಿಕ್ಕಿದ ತುಂಡಲ್ವಾ ಅಂದರೆ ಮರದ ಬೆಲೆ ಮಾತ್ರ ಬೆಲೆ ಅಂತಲಾ? ದುಂಡಗೆ ಕೊಯ್ದ ಕೈಗೆ, ತರಿತರಿ ಮೈಕಾ ಅಂದ ತಲೆಗೆ?

ಮರುದಿನ ಲಿಫ್ಟಿನಲ್ಲಿ ಸಿಕ್ಕಾಗ ಆಚಾರ್ರನ್ನು ಕೇಳಿದೆ, ಬೇಜಾರಾಯ್ತಾ ಅಂತ. ನಕ್ಕರು. "ಎಲ್ಲಾರೂ ಅಷ್ಟೇ ಸಾರ್. ಮೈಕಾ ಕಲರ್‌ಗೆ ಗಂಡ ಹೆಂಡತಿ ಮೂರು ದಿನ ಜಗಳ ಆಡ್ತಾರೆ. ಒಳಗೆ 710 ಪ್ಲೈ ಹಾಕ್ಲಾ, ಸಾದಾ 303 ಹಾಕ್ಲಾ ಅಂದ್ರೆ, ಕಾಣಲ್ವಲ್ಲ, ಯಾವುದೋ ಹಾಕಿ ಅಂತಾರೆ." 710 ನೀರು ತಡೆಯುವ ಪ್ಲೈ. ಸಿಂಕಿನ ಕೆಳಗಿನ ಬಾಗಿಲು ಎರಡೇ ಮಳೆಗಾಲಕ್ಕೆ ಉಬ್ಬಿ ಕೂರುವುದು ಯಾಕೆ ಅಂತ ಈಗ ತಿಳೀತು.

ಡಾಬ್ಸನ್ ಕಥೆಯೂ ನೆನಪಾಯಿತು. ಜಾನ್ ಡಾಬ್ಸನ್, 1915ರಲ್ಲಿ ಬೀಜಿಂಗಿನಲ್ಲಿ ಹುಟ್ಟಿದವರು. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠ ಸೇರಿದರು, ನಮ್ಮ ರಾಮಕೃಷ್ಣ ಪರಂಪರೆಯದೇ ಮಠ. ಕೈಯಲ್ಲಿ ಕಾಸಿಲ್ಲ. ಹಡಗಿನ ಕಿಟಕಿಯ ದಪ್ಪ ಗಾಜನ್ನು ಉಜ್ಜಿ ಕನ್ನಡಿ ಮಾಡಿದರು, ರಟ್ಟಿನ ಕೊಳವೆಗೆ ಹಾಕಿದರು, ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂರಿಸಿದರು. ಟೆಲಿಸ್ಕೋಪಿನ ಹಿಂದೆ ಅಲೆದದ್ದಕ್ಕೇ 1967ರಲ್ಲಿ ಮಠ ಬಿಡಬೇಕಾಯಿತು. ಆಮೇಲೆ ಬೀದಿ ಬದಿಯಲ್ಲಿ ನಿಂತು ಹೋಗುವವರನ್ನು ಕರೆದು ಕರೆದು ತೋರಿಸಿದರು. ಅವರದೂ ಮಿಕ್ಕಿದ ತುಂಡೇ. ಇವತ್ತು ಆ ಪೆಟ್ಟಿಗೆಯನ್ನು ನಕಲು ಮಾಡಿ ಕಂಪನಿಗಳು ಪ್ರಪಂಚದ ತುಂಬಾ ಮಾರುತ್ತಿವೆ.

ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯಕ್ಕೆ ಹೋದವರೂ ಹೀಗೇ. ಅಲ್ಲಿನ ವೈನು ಬಾಪ್ಪು ಟೆಲಿಸ್ಕೋಪ್ ನೋಡಿ ಬಂದು, ಕನ್ನಡಿ 2.3 ಮೀಟರ್ ಅಂತೆ ಅನ್ನುತ್ತಾರೆ. ಆ ಕನ್ನಡಿಯನ್ನು ಹೊತ್ತು ನವಿರಾಗಿ ತಿರುಗುವ, ಕುದುರೆ ಲಾಳದ ಆಕಾರದ ಅಷ್ಟು ದೊಡ್ಡ ಮೌಂಟ್ ಕಣ್ಣೆದುರಿಗೇ ಇರುತ್ತದೆ. ಯಾರೂ ಅದರ ಸುದ್ದಿ ಎತ್ತಿದ್ದನ್ನು ಕೇಳಿಲ್ಲ. ಮದುವೆಗೆ ಹೋಗಿ ಬಂದವರು ಪೆಂಡಾಲ್ ಕಟ್ಟಿದವನ ಬಗ್ಗೆ ಮಾತಾಡ್ತಾರಾ? ಅದು ಬಿದ್ದರೆ ಮಾತ್ರ ಮಾತಾಡ್ತಾರೆ.

ನಿನ್ನೆ ಸಾರ್ ವಾಟ್ಸಾಪಿನಲ್ಲಿ ಇನ್ನೊಂದು ಲಿಂಕ್ ಕಳಿಸಿದರು. ಮಗಳಿಗೆ ಇಷ್ಟು ಆಸಕ್ತಿ ಇದೆಯಲ್ಲ, ಕಂಪ್ಯೂಟರ್ ಇರೋದೇ ಕೊಡಿಸೋಣ ಅಂತ ಅಂದುಕೊಂಡಿದ್ದಾರಂತೆ. "ಇದರ ರಿಮೋಟಿನಲ್ಲಿ 40 ಸಾವಿರ ಆಬ್ಜೆಕ್ಟ್ ಇವೆ ಸಾರ್. ತಗೋಬಹುದಾ?" ನಮ್ಮ ಬೀದಿ ದೀಪಗಳ ಬೆಳಕಿನಲ್ಲಿ ಆ 40 ಸಾವಿರದಲ್ಲಿ ಹೆಚ್ಚಿನವು ಕಾಣೋದೇ ಇಲ್ಲ. ಕಾಣುವ ಕೆಲವನ್ನು ಹುಡುಗಿ ಆಗಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಗುರು, ಕೃತ್ತಿಕೆ, ಒರಾಯನ್ ನೆಬ್ಯುಲಾ. ಒಂದು ವರ್ಷ ಏನೂ ತಗೋಬೇಡಿ, 25 ಮತ್ತು 10 ಮಿಲಿಮೀಟರಿನ ಎರಡು ಒಳ್ಳೇ ಐಪೀಸ್ ಕೊಡಿಸಿ, ಆ ಬಾರ್ಲೋವನ್ನು ಡಬ್ಬದಲ್ಲೇ ಇಟ್ಟುಬಿಡಿ ಅಂತ ಬರೆದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಉಳಿದ ಐನೂರನ್ನು ಆಚಾರ್ರಿಗೆ ಕೊಟ್ಟುಬಿಡಿ ಅಂತ.

ಹೆಬ್ಬೆರಳಿನ ಗುರುತು ಬಂತು. ಐಪೀಸಿಗೋ, ಐನೂರಕ್ಕೋ ಗೊತ್ತಾಗಲಿಲ್ಲ.