ಒಸಾಕಾ ಲೂಪ್ ರೈಲು: ಹತ್ತುವ ಮುಂಚೆ ಬೋಗಿ ನಂಬರ್ ನೋಡಿ

ಲೂಪ್ ಅಂದ ಮೇಲೆ ಯಾವ ರೈಲು ಹತ್ತಿದರೂ ಒಂದು ಸುತ್ತು ಹಾಕಿ ಹತ್ತಿದಲ್ಲಿಗೇ ತಂದು ಬಿಡುತ್ತದೆ ಅಂದುಕೊಂಡಿದ್ದೆ. ಹಾಗೇನಿಲ್ಲ. ಜಪಾನಿನ ಒಸಾಕಾ ಊರನ್ನು ಸುತ್ತುವ ಈ ಲೈನ್ 21.7 ಕಿ.ಮೀ., 19 ಸ್ಟೇಷನ್, ಪೂರ್ತಿ ಸುತ್ತಿಗೆ ಹೆಚ್ಚುಕಡಿಮೆ 40 ನಿಮಿಷ. ಆದರೆ ಅದೇ ಹಳಿಯ ಮೇಲೆ ಬಂದ ಕೆಲವು ರೈಲುಗಳು ತೆನ್ನೋಜಿಯಿಂದ ನಾರಾ ಕಡೆಗೆ, ಕೆಲವು ಕನ್ಸಾಯ್ ಏರ್‌ಪೋರ್ಟಿಗೆ, ಇನ್ನು ಕೆಲವು ನಿಷಿಕುಜೋದಿಂದ ಯೂನಿವರ್ಸಲ್ ಸಿಟಿ ಕಡೆಗೆ ಹೊರಟುಬಿಡುತ್ತವೆ. ಸುಮ್ನೆ ಊರು ಸುತ್ತಬೇಕಾ, ಕಿತ್ತಳೆ ಬಣ್ಣದ ಪಟ್ಟಿ ಇದ್ದು, ಬೋರ್ಡಿನ ಮೇಲೆ ಲೂಪ್ ಲೈನ್ ಅಂತಲೇ ಇರುವ ರೈಲು ಹತ್ತಿ; ಕಿತ್ತಳೆ ಪಟ್ಟಿಯದ್ದೇ ಕೆಲವು ಯೂನಿವರ್ಸಲ್ ಸಿಟಿ ಕಡೆಗೂ ಹೋಗುತ್ತವೆ. ಅದು ಎಲ್ಲ ಸ್ಟೇಷನ್‌ನಲ್ಲೂ ನಿಲ್ಲುತ್ತದೆ.

ಪ್ರತಿ ಸಲ ಟಿಕೆಟ್ ತಗೊಳ್ಳುವ ಗೋಜು ಬೇಡ, ಇಕೋಕಾ ಅನ್ನೋ ಪ್ರೀಪೇಯ್ಡ್ ಕಾರ್ಡ್ ಮಾಡಿಸಿಕೊಳ್ಳಿ. 2000 ಯೆನ್ ಕೊಟ್ಟರೆ 500 ಡಿಪಾಸಿಟ್, ಉಳಿದದ್ದು ಓಡಾಡೋಕೆ. ಒಸಾಕಾ ಕೋಟೆ ನೋಡುವವರು ಒಸಾಕಾ ಸ್ಟೇಷನ್‌ನಿಂದ ಕ್ಯೋಬಾಶಿ ಕಡೆಗೆ ಹೋಗುವ ರೈಲು ಹತ್ತಿ, ನಾಲ್ಕನೇ ಸ್ಟೇಷನ್ ಒಸಾಕಾಜೋ-ಕೋಯೆನ್‌ನಲ್ಲಿ ಇಳಿಯಬೇಕು. ಉಲ್ಟಾ ದಿಕ್ಕಿನದು ಹತ್ತಿದರೂ ತಲುಪುತ್ತೀರಿ, ಸುಮಾರು ಇಪ್ಪತ್ತು ನಿಮಿಷ ಜಾಸ್ತಿ ಕೂತಿರಬೇಕು ಅಷ್ಟೇ.

ಈಗ ನಾವು ಎಡವಿದ ಕಥೆ. ವಾಪಸ್ ಬರುವ ದಿನ ಒಸಾಕಾ ಸ್ಟೇಷನ್‌ನಲ್ಲಿ ಏರ್‌ಪೋರ್ಟ್ ರ‍್ಯಾಪಿಡ್ ಬಂತು, ಬೋರ್ಡಿನ ಮೇಲೆ ಏರ್‌ಪೋರ್ಟ್ ಅಂತ ಕಂಡಿತು, ಎರಡು ಸೂಟ್‌ಕೇಸ್ ಎಳೆದುಕೊಂಡು ಎದುರಿಗೆ ಸಿಕ್ಕ ಬಾಗಿಲಲ್ಲಿ ಹತ್ತಿ ಕೂತೆವು. ಆರನೇ ಬೋಗಿ. ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು ಸೀಟು, ಮಧ್ಯೆ ಲಗೇಜಿಗೆ ಒಳ್ಳೆ ಜಾಗ, ನನಗೋ ಜೊಂಪು. ಹಿನೆನೋ ಹತ್ತಿರ ಬರುತ್ತಿದ್ದಂತೆ ಎದುರಿನ ಅಜ್ಜ ನಮ್ಮ ಸೂಟ್‌ಕೇಸ್ ಕಡೆ ಬೆರಳು ತೋರಿಸಿ "ಏರ್‌ಪೋರ್ಟ್?" ಅಂದರು. ಹೂಂ ಅಂತ ತಲೆ ಆಡಿಸಿದೆ. ಅವರು ಎರಡೂ ಕೈ ಜೋಡಿಸಿ, ಆಮೇಲೆ ಬೇರೆ ಮಾಡಿ, ಒಂದು ಕೈಯನ್ನು ಮುಂದಕ್ಕೆ ತಳ್ಳಿದರು. ಹಿನೆನೋದಲ್ಲಿ ರೈಲು ಎರಡು ತುಂಡಾಗುತ್ತದೆ! 1ರಿಂದ 4ನೇ ಬೋಗಿ ಏರ್‌ಪೋರ್ಟಿಗೆ, 5ರಿಂದ 8 ವಾಕಯಾಮಾ ಅನ್ನೋ ಬೇರೆ ಊರಿಗೆ. ರೈಲಿನಲ್ಲಿ ಇಂಗ್ಲಿಷಿನಲ್ಲೂ ಅನೌನ್ಸ್ ಮಾಡುತ್ತಲೇ ಇದ್ದರು, ಕೇಳಿಸಿಕೊಂಡವರು ಯಾರು? ಪ್ಲಾಟ್‌ಫಾರಂ ಮೇಲೆ ಸೂಟ್‌ಕೇಸ್ ದರದರ ಎಳೆದುಕೊಂಡು ಮುಂದಿನ ಬೋಗಿಗೆ ಓಡಿದೆವು. ನನ್ನ ಹೆಂಡತಿ ಏರ್‌ಪೋರ್ಟ್ ಮುಟ್ಟುವ ತನಕ ಮಾತಾಡಲಿಲ್ಲ.

ಹಾಗಾಗಿ ಮೊದಲೇ ಮುಂದಿನ ನಾಲ್ಕು ಬೋಗಿಯಲ್ಲೇ ಕೂರಿ. ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಬೇರೆ ಎಕ್ಸ್‌ಪ್ರೆಸ್ ಚಾರ್ಜ್ ಇಲ್ಲ. ಬೇಗ ಹೋಗಬೇಕಾದರೆ ಹರುಕಾ ಅನ್ನೋ ಎಕ್ಸ್‌ಪ್ರೆಸ್ ರೈಲು ಇದೆ, ಅದಕ್ಕೆ ದುಡ್ಡು ಜಾಸ್ತಿ. ಒಸಾಕಾ ಸ್ಟೇಷನ್‌ನಲ್ಲಿ ಅದು ಹೊರಡುವುದು 2023ರಲ್ಲಿ ಶುರುವಾದ ನೆಲದಡಿಯ ಪ್ಲಾಟ್‌ಫಾರಂನಿಂದ, ನಡೆಯೋಕೆ ಟೈಮ್ ಇಟ್ಟುಕೊಳ್ಳಿ. ಬೆಳಿಗ್ಗೆ ಎಂಟರ ಸುಮಾರಿಗೆ ದೊಡ್ಡ ಲಗೇಜ್ ಹಿಡಿದು ಲೂಪ್ ರೈಲು ಹತ್ತುವ ಸಾಹಸ ಮಾತ್ರ ಬೇಡ, ಆಫೀಸಿಗೆ ಹೋಗುವವರ ಮಧ್ಯೆ ನಿಮಗೇ ಮುಜುಗರ ಆಗುತ್ತದೆ. ಗುಲಾಬಿ ಗುರುತು ಇರುವ ಕಡೆ ಹೆಂಗಸರ ಬೋಗಿ ನಿಲ್ಲುತ್ತದೆ. ಅದು ದಿನವಿಡೀ ಹೆಂಗಸರಿಗೇ, ಗಂಡಸರು ನೋಡಿಕೊಂಡು ನಿಲ್ಲಿ.

ತ್ಸುರುಹಾಶಿಯಲ್ಲಿ ಒಮ್ಮೆ ಇಳಿಯಿರಿ. ಕೊರಿಯನ್ನರ ಅಂಗಡಿಗಳ ಸಂದಿಗೊಂದಿ ಬಜಾರು ಸ್ಟೇಷನ್‌ಗೆ ಅಂಟಿಕೊಂಡೇ ಇದೆ, ಚೆನ್ನಾಗಿದೆ. ಪಕ್ಕಾ ಸಸ್ಯಾಹಾರಿಗಳಿಗೆ ಒಂದು ಮಾತು: ಮಾಂಸ ಸುಡುವ ವಾಸನೆ ಪ್ಲಾಟ್‌ಫಾರಂವರೆಗೂ ಬರುತ್ತದೆ. ನಮ್ಮಮ್ಮ ಆಗಿದ್ದರೆ ರೈಲಿನಿಂದ ಇಳಿಯುತ್ತಲೇ ಇರಲಿಲ್ಲ.